ಒಣಗಿಸಿದ ಫೋಟೋ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ನಾನು ನಾಪೋಕ್ಲು ಹತ್ತಿರದ ಒಂದು ಶಾಲೆಯಲ್ಲಿ ವಿಜ್ಞಾನದ ಮಾಷ್ಟ್ರು. ಇದ್ದದ್ದು ಒಂದೇ ಡಿಗ್ರಿ, ಬಾಯಿ ಮಾತ್ರ ಹತ್ತು ಜನರದ್ದು. ಯಾರೂ ಕೇಳದಿದ್ದರೂ ವಿವರಿಸುವುದು ನನ್ನ ಚಾಳಿ. ರೇಡಿಯೊ ಹೇಗೆ ಮಾತಾಡುತ್ತದೆ, ಮಿಂಚಿನ ನಂತರ ಗುಡುಗು ಏಕೆ ಎಂದು ಹೋಟೆಲಿನಲ್ಲಿ ಚಹಾ ಆರುವವರೆಗೆ ಕೊರೆಯುತ್ತಿದ್ದೆ. ಒಮ್ಮೆ ಕಾಲದೊಳಗೆ ಪ್ರಯಾಣ ಮಾಡುವ ವಿಷಯ ಎತ್ತಿಕೊಂಡೆ. ಬೆಳಕಿನ ವೇಗದ ಹತ್ತಿರ ಓಡಾಡಿ ಬಂದವನಿಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಊರಲ್ಲಿದ್ದವರು ಮುದುಕರಾಗಿರುತ್ತಾರೆ ಎಂದೆ. ಬಸ್ಸಿನ ಕಂಡಕ್ಟರ್ ಲೋಟ ಕೆಳಗಿಟ್ಟ. "ಮುದುಕರಾಗ್ಲಿಕ್ಕೆ ಅಷ್ಟು ಸ್ಪೀಡ್ ಎಂತಕ್ಕೆ ಮಾಷ್ಟ್ರೇ? ನಿಮ್ಮ ಎದುರು ಕೂತ್ರೆ ಸಾಕು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬುದ್ಧಿ ಬರಲಿಲ್ಲ.

ನಾನು ಬಾಡಿಗೆಗಿದ್ದದ್ದು ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಮನೆಯ ಹೊರಕೋಣೆಯಲ್ಲಿ. ಊರೆಲ್ಲ ಅವರನ್ನು ಅವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಒಬ್ಬನೇ ಮಗ ಮಿಲಿಟರಿಯಲ್ಲಿ, ದೂರದ ಗಡಿಯಲ್ಲಿ. ಮೂರು ವರ್ಷದಿಂದ ಊರಿಗೆ ಬಂದಿರಲಿಲ್ಲ. ಅವನ ಕಾಗದ ಓದಿ ಹೇಳುವುದು, ಉತ್ತರ ಬರೆಯುವುದು ನನ್ನ ಪಾಲಿನ ಕೆಲಸ. ಒಂದು ಸಲ ಅವನು ಬರೆದಿದ್ದ: "ಅವ್ವಾ, ಈಗೀಗ ಕಣ್ಣು ಮುಚ್ಚಿದರೆ ನಿನ್ನ ಮುಖ ಸರಿಯಾಗಿ ಬರುತ್ತಿಲ್ಲ. ಒಂದು ಫೋಟೋ ಕಳಿಸು." ಮನೆಯಲ್ಲಿ ಅವ್ವನ ಫೋಟೋ ಒಂದೂ ಇರಲಿಲ್ಲ. ಸ್ಟುಡಿಯೋ ಇದ್ದದ್ದು ಮಡಿಕೇರಿಯಲ್ಲಿ. ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಅವ್ವನಿಗೆ ವಾಂತಿ.

ಅದೇ ವಾರ ಆಟಿ ತಿಂಗಳ ಜಡಿಮಳೆಯಲ್ಲಿ ಪಕ್ಕದ ಎಸ್ಟೇಟಿಗೆ ಹೊರದೇಶದಿಂದ ಒಬ್ಬ ಅತಿಥಿ ಬಂದ. ಅವನ ಹತ್ತಿರ ಒಂದೇ ನಿಮಿಷದಲ್ಲಿ ಫೋಟೋ ಕೊಡುವ ಕ್ಯಾಮೆರಾ ಇತ್ತು. ಇಂಗ್ಲಿಷ್ ಬರುತ್ತದೆಂದು ನನ್ನನ್ನು ದುಭಾಷಿಯಾಗಿ ಕರೆಸಿದ್ದರು. ನಾನು ಗೋಗರೆದೆ. ಪುಣ್ಯಾತ್ಮ, ಕೊಡೆ ಹಿಡಿದು ನಮ್ಮ ಜಗಲಿಗೇ ಬಂದು, ಉಳಿದಿದ್ದ ಕೊನೆಯ ಫಿಲ್ಮಿನಲ್ಲಿ ಅವ್ವನ ಫೋಟೋ ತೆಗೆದ. ಕ್ಯಾಮೆರಾದಿಂದ ಒಂದು ಪಟ್ಟಿ ಎಳೆದ, ಗಡಿಯಾರ ನೋಡಿದ, ಹಿಂದಿನ ಮುಚ್ಚಳ ತೆಗೆದು ಕಾಗದ ಸುಲಿದ. ಕಾಗದದ ಮೇಲೆ ಅವ್ವ ಮೂಡಿ ಬಂದರು, ಮೂಗುತಿಯ ಸಮೇತ.

ನಾನು ಸುಮ್ಮನಿರುತ್ತೇನೆಯೇ? ಎರಡು ಕಾಗದಗಳ ನಡುವೆ ಮದ್ದಿನ ಸಣ್ಣ ಚೀಲ ಇರುತ್ತದೆ, ಎಳೆದಾಗ ಉರುಳೆಗಳ ನಡುವೆ ಸಿಕ್ಕಿ ಅದು ಒಡೆಯುತ್ತದೆ, ಮದ್ದು ಹರಡಿ ಒಂದು ಕಾಗದದ ಬೆಳ್ಳಿ ಇನ್ನೊಂದಕ್ಕೆ ದಾಟಿ ಚಿತ್ರವಾಗುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದೆ.

ಅವ್ವ ಕೇಳಿಸಿಕೊಂಡು, "ಆಟಿ ಹದಿನೆಂಟಕ್ಕೆ ಮದ್ದುಸೊಪ್ಪು ಬೇಯಿಸಿದ್ರೆ ನೀರಿಗೆ ತಾನಾಗಿ ಬಣ್ಣ ಬಂದದೆ ಅಲ್ಲಾ, ಹಾಂಗೆ" ಎಂದರು.

ಅಷ್ಟೇ ವಿಷಯ. ನಾನು ಒಪ್ಪಲಿಲ್ಲ.

ಹೊರಡುವಾಗ ಅತಿಥಿ ನನ್ನ ಕೈಗೆ ಬೆರಳುದ್ದದ ಒಂದು ನಳಿಕೆಯನ್ನೂ ಒಂದು ಮಡಚಿದ ಚೀಟಿಯನ್ನೂ ಕೊಟ್ಟ. ನಳಿಕೆಯೊಳಗೆ ಹುಳಿ ವಾಸನೆಯ ಮದ್ದಿನಲ್ಲಿ ನೆನೆದ ಸ್ಪಂಜು. ಇದನ್ನು ಫೋಟೋದ ಮೇಲೆ ಈಗಲೇ ಐದಾರು ಸಲ ಸವರಬೇಕು, ಮರೆಯಬೇಡಿ ಎಂದು ಸ್ಪಷ್ಟವಾಗಿ ಹೇಳಿದ. ನಾನೂ ಸ್ಪಷ್ಟವಾಗಿ ಕೇಳಿಸಿಕೊಂಡೆ.

ಆದರೆ ಆಟಿಯಲ್ಲಿ ನಮ್ಮ ಕಡೆ ಒದ್ದೆ ಎಂದರೆ ಶತ್ರು. ಚಪ್ಪಲಿಗೆ ಬೂಸು, ಪುಸ್ತಕಕ್ಕೆ ಬೂಸು. ಮಕ್ಕಳ ಅಂಗಿಯಿಂದ ಹಿಡಿದು ಬೆಂಕಿಪೊಟ್ಟಣದವರೆಗೆ ಎಲ್ಲವೂ ಒಲೆಯ ಮೇಲಿನ ಅಟ್ಟದಲ್ಲೇ ಒಣಗಬೇಕು. ಮೊದಲೇ ತೇವವಾದ ಫೋಟೋಗೆ ಇನ್ನಷ್ಟು ನೀರು ಬಳಿಯುವುದೇ? ಪಾಪ, ಅವನ ದೇಶದಲ್ಲಿ ಬಿಸಿಲಿರಬೇಕು ಎಂದುಕೊಂಡೆ. "ಅದೆಲ್ಲ ಬೇಡ ಅವ್ವ. ತೇವ ಆರಿದರೆ ಚಿತ್ರ ಗಟ್ಟಿಯಾಗುತ್ತದೆ, ಅದು ವಿಜ್ಞಾನ" ಎಂದು ಫೋಟೋವನ್ನು ಅಟ್ಟಕ್ಕೆ ಏರಿಸಿದೆ. ಮೂರನೇ ದಿನ ಹಪ್ಪಳದಂತೆ ಒಣಗಿತ್ತು. ಹೆಮ್ಮೆಯಿಂದ ಅಂಚೆಗೆ ಹಾಕಿದೆ.

ಉತ್ತರ ಬರಲು ಒಂದೂವರೆ ತಿಂಗಳು ಹಿಡಿಯಿತು. ಅವ್ವ ಕೈ ಒರೆಸಿಕೊಂಡು ಎದುರು ಕೂತರು. "ಅವ್ವಾ, ಫೋಟೋ ತಲುಪಿತು. ಸೀರೆ ಕಾಣುತ್ತದೆ, ಒಂದು ಕೈ ಕಾಣುತ್ತದೆ. ಮುಖ ಇರುವಲ್ಲಿ ಬರೀ ಬಿಳಿ ಉಂಟು" ಎಂದಿತ್ತು. ಓಡಿ ಹೋಗಿ ಆ ಚೀಟಿ ಹುಡುಕಿ ತೆಗೆದೆ. ಸುಲಿದ ಮೇಲೂ ಕಾಗದದಲ್ಲಿ ಮದ್ದು ಉಳಿದಿರುತ್ತದೆ, ಸ್ಪಂಜಿನ ದ್ರವ ಅದನ್ನು ತೊಳೆದು ಚಿತ್ರದ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ, ಸವರದಿದ್ದರೆ ಚಿತ್ರ ಅಳಿಸಿಹೋಗುತ್ತದೆ ಎಂದು ಬರೆದಿತ್ತು. ಬಿ.ಎಸ್ಸಿ. ಕತ್ತೆ ನಾನು! ಅವ್ವನ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಂಗಾರೆ ಅವಂಗೆ ನನ್ನ ಮುಖ ಇಲ್ಲ" ಎಂದರು. ಆಮೇಲೆ, "ನಾಳೆ ಬಸ್ಸೆಷ್ಟೊತ್ತಿಗೆ?" ಎಂದು ಕೇಳಿದರು.

ಮಡಿಕೇರಿಯವರೆಗೆ ಒಂದು ತಿರುವನ್ನೂ ಅವ್ವ ಬಿಡಲಿಲ್ಲ. ಕಿಟಕಿಯಾಚೆ ಅವರ ತಲೆ, ಈಚೆ ನಿಂಬೆಹಣ್ಣು ಹಿಡಿದ ನಾನು. ತಿರುವಿನಲ್ಲಿ ಹೊಟ್ಟೆ ತೊಳಸುವುದೇಕೆ ಎಂದು ವಿವರಿಸಲು ಬಾಯಿ ತೆರೆದೆ. "ಮಾಷ್ಟ್ರೇ, ಹೇಳ್ಬೇಡಿ" ಎಂದರು. ಸ್ಟುಡಿಯೋದಲ್ಲಿ ಅವರಿಗೆ ನೆಟ್ಟಗೆ ಕೂರಲೂ ಆಗಲಿಲ್ಲ. ಹತ್ತು ದಿನದ ನಂತರ ನಾನೊಬ್ಬನೇ ಹೋಗಿ ತಂದ ಫೋಟೋದಲ್ಲಿ ಕಣ್ಣು ಗುಳಿಬಿದ್ದು, ಕೆನ್ನೆ ಇಳಿದು, ತುಟಿ ಬಿಳಿಚಿತ್ತು. ಇನ್ನೊಮ್ಮೆ ತೆಗೆಸೋಣ ಎಂದೆ. "ಇನ್ನೊಮ್ಮೆ ಬಸ್ಸಾ?" ಎಂದು ಅವ್ವ ಕೈ ಮುಗಿದರು. ಅದನ್ನೇ ಕಳಿಸಿದೆವು.

ಈ ಸಲ ಕಾಗದ ಬರಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾರೆಂದು ಮೇಲಿನವರಿಗೆ ಆ ಫೋಟೋ ತೋರಿಸಿ ರಜೆ ಪಡೆದು, ಮಗನೇ ಟ್ರಂಕು ಹೊತ್ತು ಬಂದ. ಅವ್ವ ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ಊಟಕ್ಕೆ ಕೂತಾಗಲೂ ಅವನು ಅನ್ನ ಕಲಸದೆ ಅವರನ್ನೇ ನೋಡುತ್ತಿದ್ದ.

"ಎಂತ ನೋಡುದು? ಉಣ್ಣು" ಎಂದು ಅವ್ವ ಗದರಿದರು.

"ಸುಮ್ಮನಿರು ಅವ್ವಾ, ನಂಗೆ ನೋಡ್ಬೇಕು" ಎಂದ ಅವನು.

ನಾನು ತಟ್ಟೆಯತ್ತ ಬಗ್ಗಿ, ಬಾಯಿ ಮುಚ್ಚಿಕೊಂಡು ಊಟ ಮಾಡಿದೆ.