ರಟ್ಟಿನ ಮೇಲೆ ಬೀಳದ ಹನಿ

ಬೆಳಕು ಇನ್ನೂ ಹರಿದಿಲ್ಲ. ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದಲ್ಲಿ, ಹಳೆಯ ವಸತಿ ಸೊಸೈಟಿಯೊಂದರ ಪಾರ್ಕಿಂಗಿನಲ್ಲಿ, ಬಿಳಿ ಕಾರಿನಡಿಯಿಂದ ಎರಡು ಪಾದಗಳು ಮಾತ್ರ ಕಾಣುತ್ತಿವೆ. ಗೋಣಿಚೀಲದ ಮೇಲೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಜಟ್ಟೆಪ್ಪ ಇಂಜಿನ್ನಿನ ಹೊಟ್ಟೆ ತಡವುತ್ತಿದ್ದಾರೆ.

"ಕ್ಯಾ ಜಟ್ಟೆಪ್ಪಾ, ನೀಚೇ ಸೋ ಗಯಾ ಕ್ಯಾ?" ಕೆಳಗೇ ನಿದ್ದೆ ಹೋದೆಯಾ ಎಂದು ವಾಚ್‌ಮನ್ ಪಾದ ತಟ್ಟುತ್ತಾನೆ.

"ಗಾಡಿ ಸೋ ರಹೀ ಹೈ. ಹಲ್ಲಾ ಮತ್ ಕರ್." ಮಲಗಿರುವುದು ಗಾಡಿ, ಗದ್ದಲ ಮಾಡಬೇಡ ಎನ್ನುತ್ತಾರೆ ಜಟ್ಟೆಪ್ಪ, ಟಾರ್ಚ್ ಬಾಯಿಂದ ತೆಗೆದು.

ಇಂಜಿನ್ ತಣ್ಣಗಿರುವಾಗಲೇ ಬಿಚ್ಚಬೇಕು. ಹಾಗಾಗಿ ಅವರದು ನಸುಕಿನ ಕೆಲಸ. ವಿಜಯಪುರದ ಇಂಡಿ ಕಡೆಯಿಂದ ಬಂದವರು ಭಿವಂಡಿಯ ಲಾರಿ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡರು. ಆ ಜಾಗದಲ್ಲಿ ಗೋದಾಮು ಎದ್ದ ಮೇಲೆ ಹೆಗಲ ಚೀಲವೇ ಗ್ಯಾರೇಜಾಯಿತು. ಠಾಣೆಯಿಂದ ಕಲ್ಯಾಣದವರೆಗೆ ಮನೆಮನೆಗೆ ಹೋಗಿ ಹಳೆಯ ಕಾರುಗಳ ಎಣ್ಣೆ ಸೋರಿಕೆ ನಿಲ್ಲಿಸುತ್ತಾರೆ. ದಿನಕ್ಕೆ ಒಂದು ಗಾಡಿ, ಹೆಚ್ಚೆಂದರೆ ಎರಡು. ಹೆಂಡತಿ ಸಾಬವ್ವ ತೀರಿಕೊಂಡ ಮೇಲೆ ವಿಠ್ಠಲವಾಡಿಯ ಒಂದೇ ಕೋಣೆಯ ಮನೆಯಲ್ಲಿ ಅವರ ದಾರಿ ಕಾಯುವವರಿಲ್ಲ.

ಇಂದಿನ ಗಾಡಿ ಮೈಸೂರು ಮೂಲದ ಸುಬ್ಬಲಕ್ಷ್ಮಿ ಅವರದು. ಪತಿ ಅನಂತರಾಮರು ಓಡಿಸುತ್ತಿದ್ದದ್ದು. ಅವರು ತೀರಿಹೋದ ಮೇಲೂ ಸುಬ್ಬಲಕ್ಷ್ಮಿ ಪ್ರತಿ ಶುಕ್ರವಾರ ಕೆಳಗಿಳಿದು ಇಂಜಿನ್ ಚಾಲು ಮಾಡಿ, ಆ ಸದ್ದಿನಲ್ಲಿ ಒಂದಷ್ಟು ಹೊತ್ತು ಕೂತು ಬರುತ್ತಾರೆ. ನೆಲವೆಲ್ಲ ಎಣ್ಣೆಯಾಗಿದೆ, ಭಾನುವಾರದೊಳಗೆ ನಿಲ್ಲದಿದ್ದರೆ ಗಾಡಿ ತೆಗೆಯಿರಿ ಎಂದಿದೆ ಸೊಸೈಟಿ. ತೆಗೆದರೆ ಅದು ಹೋಗುವುದು ಗುಜರಿಗೇ.

ಹಿಂದೆ ಬಂದ ಇಬ್ಬರು ಮೆಕ್ಯಾನಿಕ್‌ಗಳು ಇಂಜಿನ್ನಿನ ಕೆಳಗಿನ ಪ್ಯಾಕಿಂಗ್, ಅಂದರೆ ಸಂದಿ ಮುಚ್ಚುವ ಪಟ್ಟಿ, ಬದಲಿಸಿ ಹೋಗಿದ್ದಾರೆ. ಜಟ್ಟೆಪ್ಪ ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಸೋರುವ ಜಾಗ ಕಾಣಲೆಂದು ಮುಖದ ಪೌಡರ್ ಉದುರಿಸಿ ಚಾಲು ಮಾಡುತ್ತಾರೆ. ಮೇಲಿನ ಮುಚ್ಚಳದ ಅಂಚಿನಲ್ಲಿ ಬಿಳುಪು ಮೆಲ್ಲಗೆ ಕಪ್ಪಾಗುತ್ತದೆ. ಪಕ್ಕದಲ್ಲಿ ನಿಂತ ಸುಬ್ಬಲಕ್ಷ್ಮಿ ಅವರಿಗೆ ತೋರಿಸುತ್ತಾರೆ.

"ಸೋರೂದು ಮ್ಯಾಲಿಂದ್ರೀ ಅಮ್ಮಾರ. ಇಳದು ಬರತೈತಂತ ಎಲ್ಲಾರೂ ಕೆಳಗ ಹುಡುಕ್ಯಾರ." ಎಣ್ಣೆಯ ಅಳತೆ ಕಡ್ಡಿ ಎಳೆದವರು ಹುಬ್ಬೇರಿಸುತ್ತಾರೆ. "ಇಷ್ಟ್ ಎಣ್ಣಿ ಯಾರ್ ಹಾಕಿದ್ರಿ?"

ಸುಬ್ಬಲಕ್ಷ್ಮಿ ಸೆರಗಿನ ತುದಿ ಹಿಡಿದು ನಿಲ್ಲುತ್ತಾರೆ. "ನಾನೇ. ಶುಕ್ರವಾರ ದೀಪಕ್ಕೆ ಹಾಕ್ತೀನಲ್ಲ, ಹಾಗೇ ನಮ್ಮನೆಯವರಿಟ್ಟಿದ್ದ ಇಂಜಿನ್ ಆಯಿಲ್ ಡಬ್ಬಿಯಿಂದ ಇದಕ್ಕೂ ಸ್ವಲ್ಪ... ಬರಿದಾಗಬಾರದು ಅಂತ."

ಜಟ್ಟೆಪ್ಪ ನಗುವುದಿಲ್ಲ. "ದೀಪಕ್ಕ ನಡೀತೈತ್ರಿ. ಇದಕ್ಕ ಹೆಚ್ಚಾದ್ರ ತಡ್ಕೊಳ್ಳಾಂಗಿಲ್ಲ, ಸಂದಿ ಸಿಕ್ಕಲ್ಲಿ ಹೊರಗ ಬರತೈತಿ."

ಹೆಚ್ಚಿನ ಎಣ್ಣೆ ಇಳಿಸುತ್ತಾರೆ. ಇಂಜಿನ್ ಆರಿದ ಮೇಲೆ ಮುಚ್ಚಳ ಎತ್ತಿದರೆ ಹಳೆಯ ಪ್ಯಾಕಿಂಗ್ ಹಪ್ಪಳದಂತೆ ಮುರಿಯುತ್ತದೆ. ಅಂಚನ್ನು ಜಪಮಣಿ ಎಣಿಸುವವರ ಹಾಗೆ ಒಂದೇ ಸಮನೆ, ಮೆತ್ತಗೆ ಕೆರೆದು ಹೊಸದನ್ನು ಕೂರಿಸುತ್ತಾರೆ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಕೊನೆಗೆ, ಹನಿ ಬಿದ್ದರೆ ಕಾಣಲೆಂದು, ಕಾರಿನಡಿ ಒಂದು ರಟ್ಟು ಹಾಸುತ್ತಾರೆ.

ಚಹಾ ಲೋಟ ಕೊಡುತ್ತಾ ಸುಬ್ಬಲಕ್ಷ್ಮಿ ಕೇಳುತ್ತಾರೆ, "ಮತ್ತೆ ಯಾವಾಗ ಬರ್ತೀರಿ?"

"ಕೆಲಸಾ ಛಲೋ ಆಗಿದ್ರ ಬರೂದ ಇಲ್ರಿ! ಸೋರೂದು ನಿಂತ ಮ್ಯಾಲೆ ನಮಗ ಯಾರೂ ಫೋನ್ ಮಾಡಾಂಗಿಲ್ಲ. ಅದ ನಮ್ಮ ಸರ್ಟಿಫಿಕೇಟು." ನಗುತ್ತಲೇ ಹೇಳಿ, ಖಾಲಿ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿರುತ್ತಾರೆ.

ಭಾನುವಾರ ಬೆಳಿಗ್ಗೆ ವಿಠ್ಠಲವಾಡಿ ಪ್ಲಾಟ್‌ಫಾರ್ಮಿನಲ್ಲಿ ಫೋನ್ ರಿಂಗಾಗುತ್ತದೆ. ಸುಬ್ಬಲಕ್ಷ್ಮಿ ಅವರ ನಂಬರು. ಮತ್ತೆ ಸೋರಿತೇ ಎಂದುಕೊಳ್ಳುತ್ತಲೇ ಜಟ್ಟೆಪ್ಪ ಫೋನ್ ಎತ್ತುತ್ತಾರೆ.

"ಒಂದು ಹನೀನೂ ಬಿದ್ದಿಲ್ಲ, ಜಟ್ಟೆಪ್ಪನವರೇ. ಸೆಕ್ರೆಟರಿ ಬಗ್ಗಿ ನೋಡಿ, ಗಾಡಿ ಇರಲಿ ಅಂದ್ರು. ನಿಮಗೆ ಹೇಳೋಣ ಅಂತ ಮಾಡಿದೆ, ಅಷ್ಟೇ."

"ಛಲೋ ಆತ್ರಿ."

ಲೋಕಲ್ ಬಂದು ನಿಲ್ಲುತ್ತದೆ. ಅವರು ಹತ್ತುವುದಿಲ್ಲ. ರೈಲಿನ ಸದ್ದು ದೂರವಾಗುವವರೆಗೂ ಫೋನನ್ನು ಕಿವಿಗೊತ್ತಿಕೊಂಡು ನಿಂತು, ಆಮೇಲೆ ಮೆಲ್ಲಗೆ ಕೇಳುತ್ತಾರೆ:

"ಮತ್ತ... ಚಾ ಆತೇನ್ರೀ ಅಮ್ಮಾರ?"