ಗೆದ್ದ ದಿನದ ಗರ್ನಾಲು

ಮಾವನಿಗೆ ಗಂಜಿ ಕುಡಿಸುತ್ತಿದ್ದಾಗ ಕಕ್ಕಿಂಜೆ ಪೇಟೆಯ ಕಡೆಯಿಂದ ಒಂದರ ಹಿಂದೆ ಒಂದು ಗರ್ನಾಲು ಪಟಾಕಿ ಸಿಡಿಯಿತು. ಚಮಚ ನನ್ನ ಕೈಯಲ್ಲೇ ನಿಂತಿತು. ನಮ್ಮ ಕಡೆ ದೊಡ್ಡ ಮನೆಯ ಹಿರಿಯರು ತೀರಿಕೊಂಡರೆ ಊರಿಗೆ ತಿಳಿಸುವುದು ಗರ್ನಾಲು ಹೊಡೆದೇ. ಆ ಸದ್ದಿಗೆ ಜನ ಕರೆಯದೆ ಬರುತ್ತಾರೆ. ಊರಲ್ಲಿ ಹಾಸಿಗೆ ಹಿಡಿದಿದ್ದವರು ನಮ್ಮ ಮಾವ ಒಬ್ಬರೇ.

ಸ್ವಲ್ಪ ಹೊತ್ತಿನಲ್ಲಿ ಅಂಗಳ ತುಂಬಿತು. ಆಚೆ ಗುಡ್ಡೆಯ ಶೀನಣ್ಣ ಹೆಗಲಿಗೆ ಬೈರಾಸು ಹಾಕಿಕೊಂಡು ಬಂದು ತಗ್ಗಿದ ದನಿಯಲ್ಲಿ ಕೇಳಿದರು: “ಎಷ್ಟು ಹೊತ್ತಿಗೆ ಹೋದದ್ದು ಅಕ್ಕಾ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಮಾವ ಹೇಳಿದರು: “ಇನ್ನೂ ಹೋಗಲಿಲ್ಲ ಶೀನಾ. ಮಗಾ, ಬಂದವರಿಗೆ ಬೆಲ್ಲ ನೀರು ಕೊಡು.”

ಆಮೇಲೆ ಗೊತ್ತಾಯಿತು, ಭಾರತದ ಹುಡುಗಿಯರ ರಗ್ಬಿ ತಂಡ ಬೇರೆ ದೇಶದ ತಂಡದ ಎದುರು ಪಂದ್ಯ ಗೆದ್ದಿತ್ತು. ಮೂಡುಬಿದಿರೆಯಲ್ಲಿ ಕಾಲೇಜು ಓದುವ ನಮ್ಮೂರ ಹುಡುಗಿ ಅದರಲ್ಲಿ ಆಡಿದ್ದಳು. ಪೇಟೆಯವರು ಆ ಖುಷಿಗೆ ಹೊಡೆದದ್ದು. ಬಂದವರೆಲ್ಲ ಬೆಲ್ಲ ನೀರು ಕುಡಿದು, ಮುಖ ತಗ್ಗಿಸಿ ಹೋದರು. ಮಾವ ಮಾತ್ರ ಉಳಿದ ಗಂಜಿಗೆ ಬಾಯಿ ತೆರೆಯಲಿಲ್ಲ. “ಊರಿನವರ ಲೆಕ್ಕದಲ್ಲಿ ನಾನು ಹೋಗಿ ಆಯ್ತು. ಇನ್ನೆಂಥ ಗಂಜಿ?” ಎಂದರು.

ಅದೇ ವಾರ ಅವರು ತೀರಿಕೊಂಡರು. ಗರ್ನಾಲು ಹೊಡೆಸಿದೆವು. ಅಂಗಳಕ್ಕೆ ಯಾರೂ ಬರಲಿಲ್ಲ. ಕಾದು ಕಾದು ನಾನೇ ರಸ್ತೆಗೆ ಇಳಿದೆ. ಅಂಗಡಿಯೆದುರು ನಿಂತಿದ್ದ ಶೀನಣ್ಣ ದೂರದಿಂದಲೇ ಕೈಯೆತ್ತಿ, ನಗುತ್ತಾ ಕೇಳಿದರು: “ಇವತ್ತೂ ನಮ್ಮ ಹುಡುಗಿಯೇ ಗೆದ್ದದ್ದಾ ಅಕ್ಕಾ?”