ಮಲಗಿದ ನೀರು

ಬೆಳಕವಾಡಿಯ ಆಚೆ ಹಳ್ಳವೊಂದು ಕಾವೇರಿಗೆ ಸೇರುವ ಜಾಗದಲ್ಲಿ ನನ್ನ ಮೊದಲ ನೌಕರಿ. ಯುದ್ಧದ ವರ್ಷಗಳು. ಮೈಸೂರಿನಲ್ಲಿ ವಿಜ್ಞಾನದ ಪದವಿ ಮುಗಿಸಿ ಬಂದಿದ್ದೆ. ಹಳ್ಳ ಎಷ್ಟು ಮಣ್ಣನ್ನು ಹೊಳೆಗೆ ಹೊತ್ತು ಹಾಕುತ್ತದೆ, ಹೊಳೆಯ ನೀರು ಹಳ್ಳದೊಳಗೆ ಎಷ್ಟು ದೂರ ಏರುತ್ತದೆ ಎಂದು ಬರೆದಿಡುವುದು ಕೆಲಸ. ಹರಿಗೋಲಿನಲ್ಲಿ ಕುಳಿತು, ಕಲ್ಲು ಕಟ್ಟಿದ ಬಾಟಲಿಯನ್ನು ಹಗ್ಗದಲ್ಲಿ ತಳಕ್ಕೆ ಇಳಿಸಿ, ಅಲ್ಲಿಯೇ ಇನ್ನೊಂದು ದಾರದಿಂದ ಬಿರಡೆ ಎಳೆದು ನೀರು ತುಂಬಿಸುತ್ತಿದ್ದೆವು. ಹರಿಗೋಲು ಒಬ್ಬ ಮುದುಕನದು. ನಾನು ತಾತ ಎನ್ನುತ್ತಿದ್ದೆ. ಅವನು ನನ್ನನ್ನು ಸ್ವಾಮಿ ಎಂದು ಕರೆಯುತ್ತಲೇ, ಹೊಳೆ ನೀರು ಒಣಗಿಸಿ ಮಣ್ಣು ತೂಗಿ ಸಂಬಳ ತಗೊಳ್ಳುವವರು ಇವರೇ ಎಂದು ಊರವರಿಗೆ ತೋರಿಸಿ ನಗುತ್ತಿದ್ದ.

ಆ ಬೆಳಿಗ್ಗೆ ಬಿಸಿಲಿತ್ತು. ಹಿಂದಿನ ದಿನ ಮಳವಳ್ಳಿ ಕಡೆ ಮಳೆಯಾಗಿ ಹಳ್ಳ ಕೆಂಪಗೆ ತುಂಬಿತ್ತು. ಕಾವೇರಿಯೂ ಏರಿತ್ತು. ಎರಡೂ ಸೇರುವ ಬಾಯಿ ಮಾತ್ರ ಕೆರೆಯಂತೆ ಸುಮ್ಮನಿತ್ತು. ತಾತ ಹುಟ್ಟನ್ನು ಕೈಗೆತ್ತಿಕೊಳ್ಳಲಿಲ್ಲ.

“ನೀರು ಮನಗೈತೆ ಸ್ವಾಮಿ. ಇವತ್ತು ಬ್ಯಾಡ ಬುಡಿ.”

ಮಲಗಿದ ನೀರೆಂದರೆ ನಿಂತ ನೀರು ಎಂದುಕೊಂಡೆ. ದಡದಲ್ಲೇ ಪುಸ್ತಕ ಬಿಚ್ಚಿ ‘ವೇಗ: ಸೊನ್ನೆ’ ಎಂದು ಬರೆದೂಬಿಟ್ಟೆ. ಅಳತೆಗೆ ಇಂಥ ದಿನವೇ ಒಳ್ಳೆಯದು, ಹೆದರಿಕೆಯಾದರೆ ಬೇರೆ ಹರಿಗೋಲು ನೋಡುತ್ತೇನೆ ಎಂದೆ. ಅವನು ಹರಿಗೋಲನ್ನು ನೀರಿಗೆ ತಳ್ಳಿದ.

ನಡುವೆ ಹೋದಾಗ ಎಲೆ, ನೊರೆಗಳೆಲ್ಲ ಮೆಲ್ಲಗೆ ಹಳ್ಳದ ಮೇಲ್ಗಡೆಗೆ ತೇಲುತ್ತಿದ್ದವು. ಬಾಟಲಿ ಇಳಿಸಿದರೆ ಹಗ್ಗ ಅದಕ್ಕೆ ಎದುರಾಗಿ, ಕಾವೇರಿಯ ಕಡೆಗೆ ಓರೆಯಾಯಿತು. ಹೊಳೆಯ ತಿಳಿನೀರು ಮೇಲೆ ಒಳಕ್ಕೆ ಬರುತ್ತಿದೆ, ಹಳ್ಳದ ಭಾರದ ಕೆಂಪು ನೀರು ಅದರಡಿ ಹೊರಕ್ಕೆ ಜಾರುತ್ತಿದೆ ಎಂದು ಆಗಲೇ ತಿಳಿಯಬೇಕಿತ್ತು. ಹಗ್ಗ ಅಂಗೈ ಕೊಯ್ಯುತ್ತಿದೆಯೆಂದು ಅದನ್ನು ಹರಿಗೋಲಿನ ಅಂಚಿನ ಬಿದಿರಿಗೆ ಕಟ್ಟಿದೆ. ಎಂದೂ ಕಟ್ಟುತ್ತಿರಲಿಲ್ಲ.

ಕಲ್ಲು ತಳದಲ್ಲಿ ಯಾವುದಕ್ಕೋ ಸಿಕ್ಕಿಕೊಂಡಿತು. ಅಂಚು ಬಾಗಿ ನೀರು ಒಳಗೆ ನುಗ್ಗಿತು. ತಾತ ಸೊಂಟದ ಕುಡುಗೋಲು ತೆಗೆದು, ಹೊರಕ್ಕೆ ಬಗ್ಗಿ ಹಗ್ಗ ಕೊಯ್ದ. ಹರಿಗೋಲು ನೆಗೆದು ನೆಟ್ಟಗಾಯಿತು. ಅದರಲ್ಲಿ ಅವನಿರಲಿಲ್ಲ. ಹುಟ್ಟೂ ಇರಲಿಲ್ಲ.

ಅವನ ರುಮಾಲು ಮೇಲೆ ಬಂದು, ಎಲೆಗಳ ಜೊತೆ ಹಳ್ಳದ ಮೇಲ್ಗಡೆಗೆ ಹೊರಟಿತು. ನಾನು ಕೂಗಿ ಅತ್ತ ಕೈ ತೋರಿಸಿದೆ. ದಡದಲ್ಲಿ ಎತ್ತು ತೊಳೆಯುತ್ತಿದ್ದ ಇಬ್ಬರು ಅಲ್ಲಿಗೇ ಧುಮುಕಿದರು. ತಾತನಿಗೆ ಹಿಟ್ಟಿನ ಮುದ್ದೆ ತಂದಿದ್ದ ಅವನ ಹೆಂಡತಿ ಮಾತ್ರ ಕುಕ್ಕೆ ಇಳಿಸಿ ಕಾವೇರಿಯ ಕಡೆಗೆ ಓಡಿದಳು. ಓಡುತ್ತಲೇ ಅವರನ್ನು ಕರೆದಳು.

“ಸ್ವಾಮಿ ನೋಡವ್ರೆ ಕಣಮ್ಮ, ಮ್ಯಾಕೆ ಓಯ್ತಾವ್ನಂತೆ,” ಎಂದ ಒಬ್ಬ.

“ಅವ್ರು ರುಮಾಲ್ ನೋಡವ್ರೆ ಕಣ್ಲಾ, ಮನುಸನ್ನಲ್ಲ. ಮನಗಿದ್ ನೀರು ತಳದಲ್ಲಿ ಎಳೀತದೆ. ಬಾಯಿ ತಾವ್ಕೆ ಬನ್ರೋ.”

ಅವರು ನನ್ನ ಮುಖ ನೋಡಿದರು. ನನ್ನ ಕೈ ಇನ್ನೂ ಅತ್ತಲೇ ಚಾಚಿತ್ತು. ಆಮೇಲೆ ಅವಳ ಹಿಂದೆ ಓಡಿದರು. ಹುಟ್ಟಿಲ್ಲದ ಹರಿಗೋಲಿನಲ್ಲಿ ನಾನು ಸುಮ್ಮನೆ ಸುತ್ತುತ್ತಿದ್ದೆ. ಒಂದು ಸುತ್ತಿಗೆ ಅವರು ಕಾಣುತ್ತಿದ್ದರು, ಇನ್ನೊಂದಕ್ಕೆ ಬರಿಯ ನೀರು. ಈಗಲೂ ಕಣ್ಣು ಮುಚ್ಚಿದರೆ ಹಾಗೆಯೇ ಸುತ್ತುತ್ತೇನೆ.

ಬಾಯಿಯ ಹತ್ತಿರ ಮುಳುಗಿದ್ದ ಹೊಂಗೆಯ ಬೇರಿನಲ್ಲಿ ಅವನ ತೋಳು ಸಿಕ್ಕಿಕೊಂಡಿತ್ತು. ಎಳೆದು ಬೋರಲು ಹಾಕಿ ಬೆನ್ನು ಒತ್ತಿದರು. ಬಹಳ ಹೊತ್ತಿನ ಮೇಲೆ ಕೆಂಪು ನೀರು ಕಾರಿ ಉಸಿರಾಡಿದ.

ಸಂಜೆ ಅವನ ಜಗುಲಿಯ ಕೆಳಗೆ ನಿಂತಿದ್ದೆ. ಕಂಬಳಿಯೊಳಗಿಂದ ಕಣ್ಣು ಬಿಟ್ಟು, “ಬಾಟ್ಲು ಓಯ್ತಾ ಸ್ವಾಮಿ?” ಎಂದ.

“ಇನ್ನೊಂದ್ ತತ್ತಾರೆ, ಸುಮ್ಕೆ ಮನೀಕೊ,” ಎಂದಳು ಹೆಂಡತಿ, ನನ್ನ ಕಡೆ ನೋಡದೆ.

ಮರುದಿನ ಪುಸ್ತಕದ ಸೊನ್ನೆಯನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಅವನ ಮಾತನ್ನೇ ಬರೆದೆ: ನೀರು ಮಲಗಿದೆ, ಇಳಿಯಬಾರದು.